ಬುಕ್ಕಾಂಬುಧಿಯ ಹೊಸ ಮೇಡಂ

ಕೆರೆ ಏರಿಯ ಮೇಲೆ ಜೀಪು ನಿಂತಾಗ ಹುಣಸೆಮರದ ಕೆಳಗೆ ಕೂತಿದ್ದ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಶಿವಪ್ರಸಾದ್ ಮೊದಲು ಇಳಿದ. "ನಮಸ್ಕಾರ ಸಾರ್" ಅಂದರು, ಒಟ್ಟಿಗೆ. ಇನ್ನೊಂದು ಬಾಗಿಲಿನಿಂದ ಭೂಮಿಕಾ ಇಳಿದಳು. ಅವಳಿಗೆ ಯಾರೂ ನಮಸ್ಕಾರ ಹೇಳಲಿಲ್ಲ.

"ಮೇಡಂ, ಅಂಜಿನಪ್ಪ ಇವತ್ತೂ ಹೊಟ್ಟೆ ಬಿರಿಯ ಇಡ್ಲಿ ತಿಂದ್ಕಂಡು ಬಂದವ್ನೆ. ನೀರೊಳಗೆ ವಾಂತಿ ಮಾಡ್ಕಂಡ್ರೆ ಮೀನಿಗೆ ಹಬ್ಬ!" ಎಂದು ಒಬ್ಬ ಹುಡುಗ ಅವಳಿಗೆ ಕೂಗಿ ಹೇಳಿದ.

"ಎಷ್ಟು ತಿಂದೆ ಅಂಜಿನಪ್ಪ?"

"ಸುಳ್ಳು ಮೇಡಂ, ಬರೀ ನಾಕು."

"ನಾಕು ಇಡ್ಲಿ ಜೊತೆ ಒಂದು ಬಕೆಟ್ ಸಾಂಬಾರ್" ಎಂದು ಭೂಮಿಕಾ ಅಂದಳು. ಮರದ ಕೆಳಗೆ ನಗು ಎದ್ದಿತು.

ಶಿವಪ್ರಸಾದ್ ಜೀಪಿನ ಹಿಂಬಾಗಿಲು ತೆಗೆದು ಹಗ್ಗದ ಸುರುಳಿಗಳನ್ನು ಇಳಿಸಿದ. ಇದೇ ಕೆರೆಯಲ್ಲಿ ಎಷ್ಟೋ ವರ್ಷದಿಂದ ಡೈವಿಂಗ್ ಹೇಳಿಕೊಡುತ್ತಿದ್ದ. ತಾವು ಏನು ತಿಂದು ಬಂದೆವು ಎಂದು ಅವನಿಗೆ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ.

ತಾಲ್ಲೂಕಿನ ಕೆರೆ, ಕೃಷಿ ಹೊಂಡಗಳಲ್ಲಿ ಯಾರಾದರೂ ಮುಳುಗಿದರೆ ಹುಡುಕುವವರು ದೂರದೂರಿನಿಂದ ಬರಬೇಕಿತ್ತು. ಅವರು ಬರುವವರೆಗೆ ಮನೆಯವರು ದಂಡೆಯ ಮೇಲೆ ಕೂತು ನೀರನ್ನೇ ನೋಡುತ್ತಿರಬೇಕು. ಬೀರೂರಿನ ಕೊಬ್ಬರಿ ವ್ಯಾಪಾರಿ ರಾಜಶೇಖರ್ ಹಾಗೆ ಎರಡು ಹಗಲು ಕೂತಿದ್ದವನು. ಮುಳುಗಿದ್ದವನು ಅವನ ತಮ್ಮ. ಆಮೇಲೆ ಅವನು ಸ್ವಂತ ದುಡ್ಡು ಹಾಕಿ ಈ ತರಬೇತಿ ಕೇಂದ್ರ ಕಟ್ಟಿದ. ಕಾರವಾರದ ಕಡೆ ಸಮುದ್ರದಲ್ಲಿ ಡೈವಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದ ಶಿವಪ್ರಸಾದನನ್ನು ಹುಡುಕಿಕೊಂಡು ಹೋಗಿ, "ನಿಮ್ಮೂರ ಕೆರೆಗೆ ಬನ್ನಿ" ಎಂದು ಕರೆತಂದ. ಊರಿನ ಹುಡುಗರು ಇಲ್ಲಿ ಡೈವಿಂಗ್ ಕಲಿಯುತ್ತಿದ್ದರು. ಅವರಿಗೆ ಕಲಿಸುವವರನ್ನು ತಯಾರು ಮಾಡುವುದೂ ಶಿವಪ್ರಸಾದನ ಕೆಲಸವೇ. ಇನ್‌ಸ್ಟ್ರಕ್ಟರ್ ಪರೀಕ್ಷೆ ಪಾಸಾಗಿ ಬಂದ ಹೊಸಬರು ಮೊದಲ ಹಂಗಾಮು ಅವನ ಕಣ್ಣಳತೆಯಲ್ಲಿ ಪಾಠ ಮಾಡಬೇಕು. "ಇವರು ಒಬ್ಬರೇ ನಡೆಸಬಲ್ಲರು" ಎಂದು ಅವನು ಹೇಳಿದ ಮೇಲೆಯೇ ಅವರಿಗೆ ಸ್ವಂತ ತಂಡ.

ಅದಕ್ಕೆ ಅವನೇ ಮಾಡಿದ ಕಟ್ಟಳೆ ಒಂದಿತ್ತು. ಹೊಸಬರು ಪಾಠ ಮಾಡುವಾಗ ಮೇಲ್ವಿಚಾರಕ ಬಾಯಿ ಬಿಡಬಾರದು. ತಪ್ಪು ಕಂಡರೆ ಪಾಠ ಮುಗಿದ ಮೇಲೆ, ದಡದಲ್ಲಿ ಕೂರಿಸಿಕೊಂಡು ಹೇಳಬೇಕು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಕೈ ಎತ್ತಿ ನಿಲ್ಲಿಸಬೇಕು. "ಕ್ಲಾಸ್ ನಡೀವಾಗ ನಾನು ಈ ಏರಿ ಕಲ್ಲು ಇದ್ದಂಗೆ. ನನ್ ಕಡೆ ತಿರುಗಿ ನೋಡ್ಬೇಡಿ" ಎನ್ನುತ್ತಿದ್ದ. ವಿದ್ಯಾರ್ಥಿಗಳ ಎದುರಿಗೆ ಬೈಸಿಕೊಂಡ ಮೇಷ್ಟರ ಮಾತನ್ನು ನೀರೊಳಗೆ ಯಾರೂ ನಂಬುವುದಿಲ್ಲ, ಅದಕ್ಕೇ ಈ ಕಟ್ಟಳೆ. ಒಳ್ಳೆಯ ಕಟ್ಟಳೆಯೇ.

ಭೂಮಿಕಾ ಕಡೂರಿನ ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗಳು. ಈ ಕೆರೆಯಲ್ಲೇ ಶಿವಪ್ರಸಾದನಿಂದ ನೀರೊಳಗೆ ಉಸಿರಾಡುವುದು ಕಲಿತವಳು. ಅಂಡಮಾನಿನಲ್ಲಿದ್ದ ಹಳೇ ಸ್ನೇಹಿತನಿಗೆ ಹೇಳಿ ಅವಳನ್ನು ಇನ್‌ಸ್ಟ್ರಕ್ಟರ್ ಕೋರ್ಸಿಗೆ ಕಳಿಸಿದವನೂ ಅವನೇ. ಅವಳು ಪಾಸಾದ ಸುದ್ದಿ ಬಂದ ದಿನ ಬೀರೂರು ಸ್ಟೇಷನ್ನಿಗೆ ಹೋಗಿ, ರೈಲಿಳಿದವಳ ಕೈಯಿಂದ ಬ್ಯಾಗು ಕಿತ್ತುಕೊಂಡು ತಾನೇ ಹೊತ್ತಿದ್ದ. ಆ ಸಂತೋಷದಲ್ಲಿ ಸುಳ್ಳಿರಲಿಲ್ಲ.

ಅದು ಯಾವಾಗ ಹುಳಿಯಾಯಿತು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಮೊದಲ ವಾರ ಅವಳ ಪಾಠ ನೋಡಿದಾಗ, 'ನಾನು ಹೇಳಿಕೊಟ್ಟಿದ್ದನ್ನೇ ಹೇಳುತ್ತಿದ್ದಾಳೆ' ಎಂದುಕೊಂಡ. ಎರಡನೇ ವಾರ, 'ನಾನು ಹೇಳಿದ್ದಕ್ಕಿಂತ ಬೇಗ ಅರ್ಥವಾಗುವ ಹಾಗೆ ಹೇಳುತ್ತಿದ್ದಾಳೆ' ಎಂದು ಗೊತ್ತಾಯಿತು. ಕಿವಿಯ ಒತ್ತಡ ಸರಿಮಾಡಿಕೊಳ್ಳುವುದನ್ನು ಅವನು ಗಾಳಿ, ಆಳ, ಒತ್ತಡ ಎಂದು ಅರ್ಧ ಬೆಳಗು ವಿವರಿಸುತ್ತಿದ್ದ. ಅವಳು, "ಘಾಟಿ ಬಸ್ಸಲ್ಲಿ ಕಿವಿ ಗುಯ್ ಅಂದಾಗ ಏನ್ಮಾಡ್ತೀರ? ಎಂಜಲು ನುಂಗ್ತೀರಲ್ವಾ? ಅದೇ. ಆದ್ರೆ ನೋವು ಬರೋಕ್ ಮುಂಚೆ" ಎಂದು ಮುಗಿಸಿಬಿಟ್ಟಳು. ಅವನ ಕೈಕೆಳಗೆ ಮೂರು ತಿಂಗಳು ಒದ್ದಾಡಿದ್ದ ಅಂಜಿನಪ್ಪ ಆವತ್ತೇ ತಳ ಮುಟ್ಟಿ ಬಂದು, ಒಂದು ಹಿಡಿ ಕೆಸರನ್ನು ಎಲ್ಲರಿಗೂ ತೋರಿಸಿದ. ಹಿಡಿದು ತಂದ ಮೊಲವೇನೋ ಎಂಬಂತೆ.

ಇದನ್ನೆಲ್ಲ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಅಪ್ಪನ ವಿಷಯ.

ಅವನ ಅಪ್ಪ ಗಿಡ್ಡಪ್ಪ ಈ ಕೆರೆಯ ನೀರಗಂಟಿಯಾಗಿದ್ದವನು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಸರದಿ ನೋಡುವುದು ಅವರ ಮನೆಯ ಕೆಲಸ. ಈಗ ಕಣ್ಣು ಮಂಜು, ಮಾತು ಕಡಿಮೆ. ದಿನಾ ಬಂದು ಏರಿಯ ಮೇಲೆ ಕೂರುತ್ತಾನೆ. ಒಂದು ಸಂಜೆ ಶಿವಪ್ರಸಾದ್ ಹಗ್ಗ ಸುತ್ತುತ್ತಿದ್ದಾಗ ಅಪ್ಪನ ದನಿ ಕೇಳಿಸಿತು. ಪಕ್ಕದಲ್ಲಿ ಭೂಮಿಕಾ ಟೀ ಲೋಟ ಹಿಡಿದು ಕೂತಿದ್ದಳು.

"ತೂಬಿನ ಗೂಟ ಸಿಕ್ಕಾಕ್ಕಂಡ್ಬಿಟ್ಟಿತ್ತು ಕಣವ್ವ. ಸೊಂಟಕ್ಕೆ ಕಲ್ಲು ಕಟ್ಕಂಡು ಇಳುದ್ನಾ, ಒಳಗೆ ಕತ್ಲು. ಗೂಟದ ಬುಡಕ್ಕೆ ಬೇರು ಸುತ್ಕಂಡಿತ್ತು. ಹಲ್ಲಲ್ಲಿ ಕಡುದೆ."

"ಹಲ್ಲಲ್ಲಾ ತಾತ!"

"ಮತ್ತೆ? ಒಂದು ಕೈಲಿ ಗೂಟ, ಒಂದು ಕೈಲಿ ಹಗ್ಗ. ಮೂರ್ನೇ ಕೈ ಎಲ್ಲಿಂದ ತರಾನ?"

ಅವಳು ಬಿದ್ದು ಬಿದ್ದು ನಕ್ಕಳು. ಮುದುಕನೂ ನಕ್ಕ. ಈ ಕಥೆಯನ್ನು ಶಿವಪ್ರಸಾದ್ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಮನೆಗೆ ಹೋದ ಮೇಲೆ ಕೇಳಿಯೇಬಿಟ್ಟ.

"ನಂಗೊಂದಿನಾನೂ ಹೇಳ್ಲಿಲ್ವಲ್ಲಪ್ಪ."

"ನೀನು ಒಂದಿನಾನೂ ಕೇಳ್ಲಿಲ್ವಲ್ಲ" ಎಂದು ಗಿಡ್ಡಪ್ಪ ಮುದ್ದೆ ಮುರಿದ.

ಹೆಂಡತಿ ತ್ರಿವೇಣಿ ಸಾರು ಬಡಿಸುತ್ತ ಗಂಡನ ಮುಖ ನೋಡಿದಳು. "ಏನ್ರೀ ಅದು ಮೂತಿ? ಮನೇಗೆ ಸವತಿ ಬಂದಂಗೆ ಆಡ್ತೀರಲ್ಲ. ನಿಮ್ ಶಿಷ್ಯೆ ತಾನೆ?"

"ನಾನೇನಂದೆ ಈಗ?"

"ಏನೂ ಅನ್ನಲ್ಲ, ಅದೇ ರೋಗ."

ಆ ವಾರದಲ್ಲೇ ರಾಜಶೇಖರ್ ಫೋನು ಮಾಡಿದ್ದು. ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನ ದಂಡೆಯಲ್ಲಿ, ಕೇಂದ್ರದ ಹೊಸ ಶಾಖೆ ತೆರೆಯುವುದಿತ್ತು. ಆಳವಾದ, ತಿಳಿಯಾದ ನೀರು, ಒಳ್ಳೆಯ ದೋಣಿ, ಅಲ್ಲಿಗೆ ಒಬ್ಬ ಮುಖ್ಯಸ್ಥ. ಆ ಮುಖ್ಯಸ್ಥ ತಾನೇ ಎಂದು ಶಿವಪ್ರಸಾದ್ ಒಂದು ವರ್ಷದಿಂದ ಕಾಯುತ್ತಿದ್ದ. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ. ಇನ್ಯಾರಿದ್ದಾರೆ?

"ಶಿವಪ್ರಸಾದ್, ನಿಮ್ಮನ್ನ ಬುಕ್ಕಾಂಬುಧಿಯಿಂದ ಎಬ್ಬಿಸೋಕಾಗಲ್ಲ ಕಣ್ರೀ. ನೀವೇ ಬೇರು ಅಲ್ಲಿ. ಲಕ್ಕವಳ್ಳಿಗೆ ಭೂಮಿಕಾ ಹೆಂಗೆ? ಈ ಶುಕ್ರವಾರ ಅವಳ ಕೊನೇ ಕ್ಲಾಸಲ್ವಾ, ನೋಡಿ ಹೇಳಿ. ನೀವು ಹೂಂ ಅಂದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇನ್ನೊಂದು ಹಂಗಾಮು ನಿಮ್ಮ ಹತ್ರಾನೇ ಇರ್ಲಿ. ನೀವು ಹೇಳಿದ್ದೇ ಕೊನೆ."

"ನೋಡ್ತೀನಿ" ಎಂದಿದ್ದ ಶಿವಪ್ರಸಾದ್.

ಇವತ್ತು ಶುಕ್ರವಾರ.

ಭೂಮಿಕಾ ಎಲ್ಲವನ್ನೂ ತಾನೊಬ್ಬಳೇ ಮಾಡಬೇಕಾದ ದಿನ. ಅವಳು ಟಾರ್ಪಾಲಿನ ಮೇಲೆ ಸಾಮಾನು ಜೋಡಿಸತೊಡಗಿದಳು. ಕಂಪ್ರೆಸರ್ ನೋಡಿಕೊಳ್ಳುವ ಹಾಲೇಶ ಗಾಳಿ ತುಂಬಿದ ಸಿಲಿಂಡರುಗಳನ್ನು ಆಟೋದಿಂದ ಇಳಿಸಿ ಸಾಲಾಗಿ ಮಲಗಿಸಿದ. ಎಲ್ಲಕ್ಕೂ ಒಂದೇ ಹಳದಿ ಬಣ್ಣ. ಆಯುಧಪೂಜೆಗೆ ಅವನೇ ಹೊಡೆದದ್ದು.

ಆ ಸಾಲು ನೋಡಿದಾಗ ಶಿವಪ್ರಸಾದನಿಗೆ ನೆನಪಾಯಿತು. ದಿನಾ ಬಳಸುವ ಅಲ್ಯೂಮಿನಿಯಂ ಸಿಲಿಂಡರುಗಳು ನಿನ್ನೆ ಪಾಠ ಮುಗಿದ ಮೇಲೆ ತಪಾಸಣೆಗೆಂದು ಬೆಂಗಳೂರಿಗೆ ಹೋಗಿದ್ದವು. ಕಾರವಾರದಿಂದ ತಂದಿಟ್ಟಿದ್ದ ಹಳೇ ಉಕ್ಕಿನ ಸಿಲಿಂಡರುಗಳನ್ನು ತುಂಬಿಸು ಎಂದು ನಿನ್ನೆ ಸಂಜೆ ಹಾಲೇಶನಿಗೆ ಅವನೇ ಹೇಳಿದ್ದ. ಭೂಮಿಕಾಳಿಗೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಿದ್ದ. ಜೀಪಿನಲ್ಲಿ ಬರುವಾಗ ಅವಳು ಲಕ್ಕವಳ್ಳಿಯ ಮಾತೆತ್ತಿದ್ದಳು, ಅವನು ಕಿಟಕಿಯಾಚೆಯ ಈರುಳ್ಳಿ ಹೊಲ ನೋಡುತ್ತ ಕೂತಿದ್ದ.

ಅಲ್ಯೂಮಿನಿಯಂ ಸಿಲಿಂಡರು ಗಾಳಿ ಖಾಲಿಯಾಗುತ್ತ ಬಂದ ಹಾಗೆ ನೀರಿನಲ್ಲಿ ಹಗುರಾಗಿ ಮೇಲಕ್ಕೆ ಜಗ್ಗುತ್ತದೆ. ಅದನ್ನು ತಡೆಯಲು ಸೊಂಟದ ಬೆಲ್ಟಿಗೆ ಸೀಸದ ತುಂಡು ಹೆಚ್ಚು ಹಾಕಬೇಕು. ಉಕ್ಕಿನದು ತಾನೇ ಮುಳುಗುವ ಜಾತಿ. ಅದಕ್ಕೂ ಅಷ್ಟೇ ಸೀಸ ಹಾಕಿದರೆ ಮನುಷ್ಯ ಕಲ್ಲಿನ ಹಾಗೆ ಹೋಗುತ್ತಾನೆ. ಭೂಮಿಕಾ ಅಂಡಮಾನಿನಲ್ಲೂ ಇಲ್ಲೂ ಉಕ್ಕಿನದನ್ನು ಮುಟ್ಟಿಯೇ ಇರಲಿಲ್ಲ.

ಅವಳು ಕೃತಿಕಾಳ ಬೆಲ್ಟು ಎತ್ತಿಕೊಂಡಳು. ಕೃತಿಕಾ ತರೀಕೆರೆಯ ಕಿರಾಣಿ ಅಂಗಡಿ ಬೆನಕಪ್ಪನವರ ಮಗಳು, ಕಡ್ಡಿಯ ಹಾಗಿದ್ದ ಹುಡುಗಿ, ಅಗ್ನಿಶಾಮಕ ದಳ ಸೇರುವ ಆಸೆ. ಆಳದ ಕಡೆಗೆ ಇವತ್ತೇ ಮೊದಲ ಸಲ. ಭೂಮಿಕಾ ನಿನ್ನೆ ಹಾಕಿದ್ದಷ್ಟೇ ಸೀಸ ಪೋಣಿಸಿದಳು. ಒಂದು. ಎರಡು. ಮೂರನೆಯದು.

ಶಿವಪ್ರಸಾದನ ಕೈ ತೊಡೆಯ ಮೇಲೆ ಅಲುಗಿತು. ಎತ್ತಲಿಲ್ಲ.

ನೀರಿಗಿಳಿದ ಮೇಲೆ ಮೇಲೆಯೇ ತೇಲಿಸಿ ನೋಡುತ್ತಾಳಲ್ಲ, ಆಗ ಗೊತ್ತಾಗುತ್ತದೆ ಎಂದುಕೊಂಡ. ಭಾರ ಸರಿಯಿದ್ದರೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಅದು ಪ್ರತಿ ಪಾಠದ ಮೊದಲ ಕೆಲಸ. ಅವಳೇ ಹಿಡಿಯಲಿ. ಹಿಡಿಯದಿದ್ದರೆ ತಪ್ಪು ಅವಳದು. ಪಾಠ ನಡೆಯುವಾಗ ಮೇಲ್ವಿಚಾರಕ ಬಾಯಿ ಬಿಡಬಾರದು. ಆ ಕಟ್ಟಳೆ ಅವನಿಗೆ ಆ ಕ್ಷಣದಲ್ಲಿ ತುಂಬ ಹಿತವಾಗಿ ಕಂಡಿತು.

"ಭಾರ ನೋಡ್ಕಳಾನ ಮೇಡಂ?" ಎಂದು ನೀರಲ್ಲಿ ಎದೆಮಟ್ಟ ನಿಂತ ಕೃತಿಕಾ ಕೇಳಿದಳು.

"ನಿನ್ನೆ ನೋಡಿದ್ವಲ್ಲ, ಅದೇ ಬೆಲ್ಟು" ಅಂದಳು ಭೂಮಿಕಾ. ಕೊನೆಯ ಪಾಠದ ದಿನ. ಅವಳ ದನಿಯಲ್ಲಿ ಅವಸರವಿತ್ತು.

ಈಗ ಕೈ ಎತ್ತಬೇಕು. ಎತ್ತಬೇಕು ಎಂದು ಅವನಿಗೆ ಗೊತ್ತಿತ್ತು. 'ಇನ್ನೊಂದು ಹಂಗಾಮು ಇಲ್ಲೇ ಇರಲಿ' ಎಂದು ರಾಜಶೇಖರ್‌ಗೆ ಹೇಳಲು ಒಂದು ಕಾರಣ ಬೇಕಿತ್ತು. ಇಷ್ಟು ದಿನ ಎಷ್ಟು ಹುಡುಕಿದರೂ ಅವಳಲ್ಲಿ ಸಿಕ್ಕದ ಕಾರಣ ಈಗ ಕಣ್ಣೆದುರಿಗೇ ಇತ್ತು. ಅವನೂ ಸಿಲಿಂಡರು ಕಟ್ಟಿಕೊಂಡು, ಇಳಿಯುವ ಜಾಗಕ್ಕೆ ಗುರುತಾಗಿ ಬಿಟ್ಟಿದ್ದ ತೇಲುಬುರುಡೆಯ ಹಗ್ಗ ಹಿಡಿದು ನೀರಿನಲ್ಲಿ ನಿಂತೇ ಇದ್ದ. ಭೂಮಿಕಾ, ಕೃತಿಕಾ ಕೈ ಹಿಡಿದುಕೊಂಡು ಆಳದ ಕಡೆಗೆ ಈಜಿ ತಲೆ ಮುಳುಗಿಸಿದರು.

ಕೃತಿಕಾ ನಿಧಾನವಾಗಿ ಇಳಿಯಲಿಲ್ಲ, ಬಿದ್ದಳು. ಅವಳ ಗುಳ್ಳೆಗಳು ಬಂದ ರೀತಿಯಲ್ಲೇ ಅವನಿಗೆ ತಿಳಿಯಿತು. ತಳದ ಹೂಳು ಎದ್ದು ಬೂದಿ ಕದಡಿದ ಹಾಗೆ ನೀರು ಕಪ್ಪಾಯಿತು. ಒಂದೇ ಕಡೆ ಏಳಬೇಕಾದ ಗುಳ್ಳೆಗಳು ಎರಡು ಕಡೆ ಏಳತೊಡಗಿದವು. ಅಂದರೆ ಹಿಡಿದ ಕೈ ತಪ್ಪಿದೆ. ಒಂದು ಕಡೆಯವು ಗಾಬರಿ ಬಿದ್ದವರ ಗುಳ್ಳೆಗಳು, ಒತ್ತೊತ್ತಾಗಿ ಬರುತ್ತಿದ್ದವು.

ಅವನು ಇಳಿದ. ಕತ್ತಲು. ತನ್ನ ಕೈ ತನಗೇ ಕಾಣಲಿಲ್ಲ. ಮೊಣಕಾಲಿನವರೆಗೆ ಹೂಳು. ತಡವಿದ, ಬರೀ ಕೆಸರು, ಒಂದು ಹಳೇ ಬಿದಿರು. ಮತ್ತೆ ತಡವಿದ. ಏನೋ ಗಟ್ಟಿಯಾದದ್ದು ಬೆರಳಿಗೆ ತಗುಲಿತು. ಸೀಸದ ಬೆಲ್ಟು. ಬರೀ ಬೆಲ್ಟು. ಯಾರೋ ಬಿಚ್ಚಿ ಎಸೆದದ್ದು.

ಅವನು ಮೇಲೆ ಬರುವಷ್ಟರಲ್ಲಿ ಭೂಮಿಕಾ ಕೃತಿಕಾಳನ್ನು ಎದೆಗವಚಿಕೊಂಡು ದಡ ಮುಟ್ಟಿಯಾಗಿತ್ತು. ಹುಡುಗಿಯ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಕಿವಿ ಹಿಡಿದುಕೊಂಡು ಅಳುತ್ತಿದ್ದಳು, ಆದರೆ ಚೆನ್ನಾಗಿ ಉಸಿರಾಡುತ್ತಿದ್ದಳು. ಏರಿಯ ಮೇಲೆ ದನ ಹೊಡೆದುಕೊಂಡು ಬಂದಿದ್ದವರು, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎಲ್ಲ ಸೇರಿಬಿಟ್ಟಿದ್ದರು.

"ಎತ್ಕಂಡ್ ಬಂದ್ಬಿಟ್ಲಲ್ಲೇ!" ಎಂದು ದ್ಯಾವಮ್ಮ ಎಂಬ ಮುದುಕಿ ಕೂಗಿದಳು. "ಹೂವ ತಂದಂಗೆ ತಂದ್ಲು ಕಣ್ರೇ! ಏನ್ ಹೆಣ್ಣವ್ವಾ ಇದು!"

ಅಂಜಿನಪ್ಪ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಗಿಡ್ಡಪ್ಪ ಕೋಲೂರಿ ಎದ್ದು ನಿಂತು, ಮಂಜು ಕಣ್ಣಲ್ಲೇ ಅವಳಿದ್ದ ಕಡೆ ನೋಡುತ್ತಿದ್ದ. ಶಿವಪ್ರಸಾದ್ ಕೆಸರು ಮೆತ್ತಿಕೊಂಡು ಬೆಲ್ಟು ಹಿಡಿದು ದಡಕ್ಕೆ ಬಂದ. ಅವನೂ ಇಳಿದಿದ್ದ ಎಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಆ ಗಳಿಗೆಯಲ್ಲೂ ಅವನ ಎದೆಯೊಳಗೆ ಉರಿ ಎದ್ದದ್ದು ಚಪ್ಪಾಳೆಗೆ. ಹುಡುಗಿಯ ಮೂಗಿನ ರಕ್ತ ಅವನ ಕಣ್ಣಿಗೆ ಬಿದ್ದದ್ದು ಆಮೇಲೆ. ಹಾಗೆಂದು ಗೊತ್ತಾದಾಗ ಅವನಿಗೆ ಕೂರಬೇಕೆನ್ನಿಸಿತು. ಕೂತ.

ಅಜ್ಜಂಪುರದ ಡಾಕ್ಟರು, ಕಿವಿಯ ತಮಟೆಗೆ ಪೆಟ್ಟಾಗಿದೆ, ವಾಸಿಯಾಗುತ್ತದೆ, ಎರಡು ತಿಂಗಳು ನೀರಿಗಿಳಿಯಬಾರದು ಎಂದರು. ಕೃತಿಕಾ ನೋವಿಗಿಂತ ಹೆಚ್ಚಾಗಿ ಆ ಮಾತಿಗೆ ಅತ್ತಳು. ಬೆನಕಪ್ಪನವರು ತರೀಕೆರೆಯಿಂದ ಬಂದು, ಭೂಮಿಕಾಳಿಗೆ ಕೈ ಮುಗಿದು ಮಗಳನ್ನು ಕರೆದುಕೊಂಡು ಹೋದರು. ಅವರು ಕೈ ಮುಗಿದಾಗ ಭೂಮಿಕಾ ಮುಖ ತಿರುಗಿಸಿಕೊಂಡಳು.

ಮಧ್ಯಾಹ್ನ ಸಾಮಾನಿನ ಷೆಡ್ಡಿನಲ್ಲಿ ಇಬ್ಬರೇ ಇದ್ದರು. ಭೂಮಿಕಾ ಸಿಲಿಂಡರಿನ ಕತ್ತನ್ನು ಚಾಕುವಿನಿಂದ ಕೆರೆದು, ಹಳದಿಯ ಕೆಳಗಿನ ಲೋಹ ನೋಡಿದಳು.

"ಸ್ಟೀಲು" ಅಂದಳು. "ನಾನು ನೋಡ್ಲೇ ಇಲ್ಲ ಸಾರ್. ತೇಲಿಸಿ ನೋಡಿದ್ರೆ ಗೊತ್ತಾಗಿರೋದು. ಆ ಮಗೂನೇ ಕೇಳ್ತು, ನಾನು ಬೇಡ ಅಂದೆ. ರಾಜಶೇಖರ್ ಸಾರ್‌ಗೆ ಫೋನ್ ಮಾಡಿ ಹೇಳ್ದೆ. ಲಕ್ಕವಳ್ಳಿಗೆ ನಾನು ಲಾಯಕ್ಕಿಲ್ಲ, ಇನ್ನೊಂದು ಹಂಗಾಮು ನಿಮ್ಮ ಹತ್ರ ಇರ್ತೀನಿ ಅಂತ. ನಿಮ್ಮನ್ನ ಕೇಳಿ ತೀರ್ಮಾನ ಮಾಡ್ತಾರಂತೆ."

ಅವನು ಬೇಕೆಂದದ್ದು ಕೈಗೆ ಬಂದಿತ್ತು. ಒಂದು ಸುಳ್ಳೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಸುಮ್ಮನಿದ್ದ ಹಾಗೆ ಈಗಲೂ ಸುಮ್ಮನಿದ್ದರೆ ಸಾಕಿತ್ತು. ಇನ್ನೊಂದು ಹಂಗಾಮು ಅವಳು ಇಲ್ಲೇ ಇರುತ್ತಾಳೆ. ತಪ್ಪು ತನ್ನದೆಂದು ತಲೆ ತಗ್ಗಿಸಿಕೊಂಡು, ದಿನಾ ಅವನ ಮುಖ ನೋಡಿಕೊಂಡು. ಅವಳು ಆ ತಲೆಯನ್ನು ಈಗಲೇ ತಗ್ಗಿಸಿದ್ದಳು. ಅದನ್ನು ನೋಡಿದಾಗ ಸಿಗಬೇಕಾಗಿದ್ದ ಸುಖ ಸಿಗಲಿಲ್ಲ.

"ನಾನು ನೋಡ್ದೆ" ಅಂದ.

"ಏನು ಸಾರ್?"

"ಸ್ಟೀಲ್ ಅಂತ ನಂಗೊತ್ತಿತ್ತು. ನಾನೇ ತುಂಬ್ಸು ಅಂದಿದ್ದು. ನೀನು ಮೂರ್ನೇ ತುಂಡು ಹಾಕಿದ್ದೂ ನೋಡ್ದೆ. ತೇಲಿಸ್ದೆ ಇಳಿಸಿದ್ದೂ ನೋಡ್ದೆ."

ಭೂಮಿಕಾ ಚಾಕುವನ್ನು ನಿಧಾನ ಕೆಳಗಿಟ್ಟಳು. "ಕೈ ಎತ್ತಲಿಲ್ಲ."

"ಎತ್ತಲಿಲ್ಲ."

"ಯಾಕೆ ಸಾರ್?"

ಅವನ ಬಾಯಿಗೆ ಕಟ್ಟಳೆಯ ಮಾತು ಬಂತು. ಅದನ್ನು ಹೇಳಲಿಲ್ಲ. "ನೀನು ಲಕ್ಕವಳ್ಳಿಗೆ ಹೋಗೋದು ನಂಗೆ ಬೇಕಿರ್ಲಿಲ್ಲ. ಆ ಜಾಗ ನಂದು ಅಂದ್ಕಂಡಿದ್ದೆ. ಮತ್ತೆ… ಬೇರೇದೂ ಇತ್ತು. ಬಿಡು."

ಹೊರಗೆ ಹಾಲೇಶ ಯಾರನ್ನೋ "ಲೇ, ಪೈಪ್ ತುಳೀಬೇಡ ಕಣೋ" ಎಂದು ಗದರುತ್ತಿದ್ದ.

"ನನ್ಮೇಲೆ ಹೊಟ್ಟೆಕಿಚ್ಚಿದ್ರೆ ನಂಗೆ ಬಯ್ಬೇಕಿತ್ತು" ಅಂದಳು ಕಡೆಗೆ. "ಎಲ್ರ ಮುಂದೆ ಬಯ್ಬೇಕಿತ್ತು, ಕಪಾಳಕ್ಕೆ ಹೊಡೀಬೇಕಿತ್ತು. ಕೃತಿಕಾ ಏನ್ಮಾಡಿದ್ಲು ನಿಮಗೆ? ಅಲ್ಲಿ ಕೆಳಗೆ ಅವಳ ಕೈ ಬಿಟ್ಟೋದಾಗ ನಾನು ಏನು ಅಂದ್ಕಂಡೆ ಗೊತ್ತಾ? ಮೇಲೆ ಸಾರ್ ಇದಾರೆ, ಏನೂ ಆಗಲ್ಲ ಅಂದ್ಕಂಡೆ."

ಅವನು ಫೋನು ತೆಗೆದು ಅವಳ ಎದುರಿಗೇ ರಾಜಶೇಖರ್‌ಗೆ ಹಚ್ಚಿದ. ಆದದ್ದನ್ನು ಆದ ಹಾಗೆ ಹೇಳಿದ.

"ಇಂಥದ್ದಕ್ಕೆ ನಿಮ್ಮನ್ನ ಕರ್ಕೊಂಡು ಬಂದಿರ್ಲಿಲ್ಲ ನಾನು" ಎಂದ ರಾಜಶೇಖರ್.

"ಹೌದು. ಅವಳದ್ದೂ ತಪ್ಪಿದೆ, ಅದನ್ನ ಅವಳು ಇನ್ನು ಜನ್ಮದಲ್ಲಿ ಮಾಡಲ್ಲ. ಒಬ್ಳೇ ನಡೆಸ್ತಾಳೆ. ಲಕ್ಕವಳ್ಳಿಗೆ ಕಳ್ಸಿ. ಹೊಸಬ್ರನ್ನ ನೋಡ್ಕಳೋ ಕೆಲ್ಸ ನನ್ನಿಂದ ತಗೊಳ್ಳಿ. ಬೆನಕಪ್ಪನವರ ಮನೇಗೆ ನಾನೇ ಹೋಗಿ ಹೇಳ್ತೀನಿ."

"ಹೇಳ್ಲೇಬೇಕು. ಹೊಸಬ್ರ ವಿಷ್ಯಕ್ಕೆ ನೀವು ಹೇಳೋದಲ್ಲ, ನಾನೇ ತಗೋತಿದ್ದೆ" ಎಂದು ರಾಜಶೇಖರ್ ಫೋನಿಟ್ಟ.

ಬೆನಕಪ್ಪನವರು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲವನ್ನೂ ಕೇಳಿ, "ಹೋಗಿ ನೀವು" ಎಂದಷ್ಟೇ ಅಂದರು. ಶಿವಪ್ರಸಾದ್ ಎದ್ದು ಬಂದ.

ಮರುವಾರ ಭೂಮಿಕಾ ಹೊರಟಳು. ಹಾಲೇಶನ ಆಟೋದಲ್ಲಿ ಸಾಮಾನು ತುಂಬಿತ್ತು. ಹುಡುಗರೆಲ್ಲ ಸುತ್ತ ನಿಂತಿದ್ದರು; ಅಂಜಿನಪ್ಪ ಟಿಫನ್ ಕ್ಯಾರಿಯರಿನಲ್ಲಿ ಇಡ್ಲಿ ತಂದಿದ್ದ. ಗಿಡ್ಡಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಲೇ ಇದ್ದ, ಮುಗಿಯುವ ಹಾಗೆ ಕಾಣಲಿಲ್ಲ. ಶಿವಪ್ರಸಾದ್ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಆ ಇಡೀ ವಾರ ಅವಳು ಅವನೊಡನೆ ಮಾತಾಡಿರಲಿಲ್ಲ. ಹಾಗೇ ಹೋಗುತ್ತಾಳೆ ಎಂದುಕೊಂಡಿದ್ದ.

ಅವಳು ಅವನ ಕಡೆಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಲಕ್ಕವಳ್ಳೀಲಿ ಎಲ್ಲಾ ಸ್ಟೀಲೇ ಅಂತೆ. ಎಷ್ಟು ಸೀಸ ಕಮ್ಮಿ ಮಾಡ್ಬೇಕು, ಹೆಂಗೆ ಲೆಕ್ಕ ಹಾಕ್ಬೇಕು, ಹೇಳಿ. ಇನ್ಯಾರನ್ನ ಕೇಳ್ಲಿ ನಾನು."

ಅವನು ಒಂದು ಸಿಲಿಂಡರನ್ನು ಬಿಸಿಲಿಗೆ ಉರುಳಿಸಿ ತಂದು ಹೇಳತೊಡಗಿದ. ತುಂಬಿದಾಗ ಹೇಗೆ, ಅರ್ಧವಾದಾಗ ಹೇಗೆ. ಸಪೂರ ಮೈಯವರಿಗೆ ಏನು, ದಪ್ಪನವರಿಗೆ ಏನು. ಭಾರ ಬೆನ್ನಿಗೆ ಹೋಗುವುದರಿಂದ ಮೈ ಅಂಗಾತ ತಿರುಗಲು ನೋಡುತ್ತದೆ, ಅದಕ್ಕೆ ಸೀಸವನ್ನು ಎಲ್ಲಿ ಸರಿಸಬೇಕು. ಕಾರವಾರದಲ್ಲಿ ಅವನು ವರ್ಷಗಟ್ಟಲೆ ಮುಳುಗಿ ಕಲಿತದ್ದು. ಅವಳು ಎಲ್ಲವನ್ನೂ ಒಂದು ಸಲ ಕೇಳಿಸಿಕೊಂಡಳು. "ಹಂಗಾದ್ರೆ ಹಿನ್ನೀರು ಬೇಸಿಗೇಲಿ ಇಳಿದಾಗ, ಆಳ ಕಮ್ಮಿಯಾಗಿ ರಬ್ಬರ್ ಸೂಟ್ ಒತ್ತಿ ತೆಳ್ಳಗಾಗಲ್ಲ, ಮೇಲಕ್ಕೆ ಜಗ್ಗುತ್ತೆ, ಅದಕ್ಕೆ ಇನ್ನೊಂದು ಲೆಕ್ಕ ಬೇಕಲ್ವಾ?" ಎಂದಳು.

ಆ ಪ್ರಶ್ನೆ ಅವನಿಗೆ ಹೊಳೆಯಲು ನಾಲ್ಕು ಬೇಸಿಗೆ ಹಿಡಿದಿತ್ತು. ಎದೆಯಲ್ಲಿ ಅದೇ ಹಳೇ ಉರಿ ಕಿತ್ತುಕೊಂಡು ಬಂತು. ಅವನು ಒಮ್ಮೆ ಎಂಜಲು ನುಂಗಿದ.

"ಬೇಕು" ಎಂದ. "ಕೂತ್ಕೋ, ಅದು ಸ್ವಲ್ಪ ಉದ್ದ ಇದೆ."

ಅವಳು ಸಿಲಿಂಡರಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆಟೋದ ಹತ್ತಿರ ಹಾಲೇಶ ಹಾರನ್ ಹೊಡೆದ.